ಅನುಮಾನದಕ್ಕ ಮತ್ತು ಏಳು ಗಂಟಲು

ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವಳನ್ನು ಎಲ್ಲರೂ ಅನುಮಾನದಕ್ಕ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆದರೂ ಅವಳಿಗೆ ಬೇಸರವಿಲ್ಲ, ಅದನ್ನೊಂದು ಬಿರುದು ಅಂದುಕೊಂಡಿದ್ದಳು. ಹಾಲಿನವನು ನೀರು ಬೆರೆಸುತ್ತಾನೆ, ದರ್ಜಿ ಬಟ್ಟೆ ಉಳಿಸಿಕೊಳ್ಳುತ್ತಾನೆ, ಗಂಡನ ಗೊರಕೆಯೂ ಅರ್ಧ ನಾಟಕ. "ಬೆಳ್ಳಗಿರೋದೆಲ್ಲ ಹಾಲಲ್ಲ ಕಣ್ರೀ" ಎನ್ನುವುದು ಅವಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಹೊಸದಾಗಿ ಸೇರಿದ ಕಿರಿಯ ಸಹೋದ್ಯೋಗಿ ಯಾವ ವರದಿ ತಂದರೂ ಒಂದೇ ಪ್ರಶ್ನೆ: "ಇನ್ನೊಂದ್ಸಲ ನೋಡಿದ್ಯಾ?" ಪಾಪ, ಆ ಹುಡುಗಿ ಇನ್ನೊಂದು ಸಲ ನೋಡಿಯೇ ತಂದಿರುತ್ತಿದ್ದಳು.

ಅವಳ ಅನುಮಾನಕ್ಕೆ ಕಸುಬಿನ ಕಾರಣವೂ ಇತ್ತು. ಗಂಟಲಿಗೆ ಸವರಿದ ಹತ್ತಿಕಡ್ಡಿಯನ್ನು ಗಾಜಿನ ಮೇಲೆ ತೀಡಿ ಗ್ರಾಂ ಎನ್ನುವ ಪರೀಕ್ಷೆಯ ಬಣ್ಣ ಹಾಕಿದರೆ ಕೆಲವು ಬ್ಯಾಕ್ಟೀರಿಯಾಗಳು ನೇರಳೆಯಾಗಿ ನಿಲ್ಲುತ್ತವೆ. ಒಂದು ತುದಿ ಸಪೂರ, ಇನ್ನೊಂದು ತುದಿ ಉಬ್ಬಿಕೊಂಡು ಥೇಟ್ ಗದೆ. ಈ ವಂಶದವರು ಎಲ್ಲರ ಚರ್ಮದಲ್ಲೂ ಗಂಟಲಲ್ಲೂ ವಾಸವಿರುತ್ತಾರೆ, ಹೆಚ್ಚಿನವರು ಸಾಧುಗಳು. ಹಾಗಾಗಿ ಲ್ಯಾಬಿನವರು ಗದೆ ಕಂಡೊಡನೆ 'ಸಾಮಾನ್ಯ' ಎಂದು ಬರೆದು ಚಹಾಕ್ಕೆ ಏಳುವುದು ರೂಢಿ. ಆದರೆ ಆ ವಂಶದಲ್ಲೊಬ್ಬ ಕೊಲೆಗಡುಕನಿದ್ದಾನೆ. ಅವನು ತರುವುದು ಗಂಟಲಮಾರಿ, ಡಾಕ್ಟರರ ಮಾತಿನಲ್ಲಿ ಡಿಫ್ತೀರಿಯಾ. ಗಂಟಲಲ್ಲಿ ಬೂದು ಪೊರೆ ಕಟ್ಟಿ ಉಸಿರು ಹಿಡಿಯುತ್ತದೆ, ವಿಷ ಇಳಿದರೆ ಹೃದಯವೇ ತಾಳ ತಪ್ಪುತ್ತದೆ. ಅನುಮಾನದಕ್ಕ ಚಹಾಕ್ಕೆ ಏಳದೆ ಎರಡನೇ ಬಣ್ಣ ಹಾಕುತ್ತಿದ್ದಳು. ಅದರಲ್ಲಿ ಹಸಿರಾಗಿ ಕಾಣುವ ಗದೆಯ ತುದಿಗಳಲ್ಲಿ ಕಡುನೀಲಿ ಚುಕ್ಕೆ ಕಂಡಿತೋ, ಕಳ್ಳ ಸಿಕ್ಕ.

ಆ ಚುಕ್ಕೆಗಳು ಅವಳಿಗೆ ಕಂಡಿದ್ದು ಸ್ವಂತ ತಂಗಿಯ ಗಂಟಲಲ್ಲಿ. ತಂಗಿಗೆ ಹೆರಿಗೆಯಾಗಿ ಐದು ವಾರವಾಗಿತ್ತು. ಟಾನ್ಸಿಲ್ ಎಂದು ಮಾತ್ರೆ ಕೊಟ್ಟಿದ್ದರು. ಅಕ್ಕ ನಂಬದೆ ತಾನೇ ಹತ್ತಿಕಡ್ಡಿ ಹಾಕಿ ತಂದಳು, ನೋಡಿದಳು, ಡಾಕ್ಟರರ ಬೆನ್ನು ಹತ್ತಿ ಅಂದೇ ಪ್ರತಿವಿಷದ ಇಂಜೆಕ್ಷನ್ ಕೊಡಿಸಿದಳು. ತಂಗಿ ಪ್ರತ್ಯೇಕ ವಾರ್ಡಿನಲ್ಲಿ ಬದುಕಿ ಉಳಿದಳು. ಅನುಮಾನದಕ್ಕನಿಗೆ ಕೊಂಬು ಬಂದಿದ್ದು ಆಗಲೇ.

ಇನ್ನು ಇದನ್ನು ಮನೆಗೆ ತಂದವರು ಯಾರು? ಈ ರೋಗದ ಮೊದಲ ಲಸಿಕೆಯೂ ಆಗಿರದ ಕೂಸು ಆ ಮನೆಯಲ್ಲಿತ್ತು. ತಂದವರು ಸಿಗುವವರೆಗೆ ಅದರ ಜೀವಕ್ಕೆ ಭರವಸೆಯಿಲ್ಲ. ಅವಳು ಅಂದೇ ಹತ್ತಿಕಡ್ಡಿಗಳ ಪೆಟ್ಟಿಗೆ ಹಿಡಿದು ಹೋದಳು. ತಂಗಿಯ ಗಂಡ, ಮಾವ, ಅತ್ತೆ, ಕೆಲಸದಾಕೆ, ಪಕ್ಕದ ಮನೆಯಾಕೆ, ಕೂಸು, ಒಟ್ಟು ಆರು ಗಂಟಲು. ಅವಳ ಕಣ್ಣಿದ್ದದ್ದು ಮಾತ್ರ ಅತ್ತೆಯ ಮೇಲೆ, ಆಕೆ ಯಾವಾಗಲೂ ಕೆಮ್ಮುತ್ತಿದ್ದಳು.

"ನಾನು ಚೆನ್ನಾಗೇ ಇದೀನಲ್ಲಮ್ಮಾ. ಚಿಕ್ಕೋಳಿದ್ದಾಗ ಸೂಜೀನೂ ಹಾಕ್ಸಿದಾರೆ" ಎಂದಳು ಅತ್ತೆ.

"ಸೂಜಿ ಹಾಕ್ಸಿದ್ರೆ ರೋಗ ಬರಲ್ಲ ಅಷ್ಟೇ. ಕ್ರಿಮಿ ಗಂಟಲಲ್ಲಿ ಬಿಡಾರ ಹೂಡ್ಕೊಂಡು ಊರಿಗೆಲ್ಲ ಹಂಚುತ್ತೆ. ಬಾಯಿ ತೆಗೀರಿ."

ಎಲ್ಲರಿಗೂ ಡಾಕ್ಟರರು ಔಷಧಿ ಬರೆದುಕೊಟ್ಟರು. ಕೂಸನ್ನು ತಾನೇ ನೋಡಿಕೊಳ್ಳುತ್ತೇನೆಂದು ಅತ್ತೆ ಅಂಗಲಾಚಿದರೂ ಅನುಮಾನದಕ್ಕ ಕೇಳಲಿಲ್ಲ. ಕೂಸನ್ನು ಎದೆಗವಚಿಕೊಂಡು ತನ್ನ ಮನೆಗೆ ಒಯ್ದಳು. ಹುಟ್ಟಿದಂದಿನಿಂದ ದಿನಾ ಸಂಜೆ ಹೋಗಿ ಎತ್ತಿ ಆಡಿಸಿದ ಮಗು, ಅವಳನ್ನು ಬಿಟ್ಟರೆ ಇನ್ನಾರ ಕೈಯಲ್ಲಿ ಕ್ಷೇಮ? ಅದಕ್ಕೆ ಕೊಟ್ಟ ಔಷಧಿ ಅರ್ಧ ಹೊಟ್ಟೆಗೆ, ಅರ್ಧ ಅವಳ ಸೆರಗಿಗೆ. ಒರೆಸಿ ಮುದ್ದಿಸಿ ಹೆಗಲ ಮೇಲೆ ಮಲಗಿಸಿಕೊಳ್ಳುತ್ತಿದ್ದಳು.

ಹತ್ತಿಕಡ್ಡಿಗಳನ್ನು ಅವಳು ಕ್ರಿಮಿಗಳ ಆಹಾರ ತುಂಬಿದ ಆರು ತಟ್ಟೆಗಳಿಗೆ ತೀಡಿಟ್ಟಿದ್ದಳು. ಎರಡು ದಿನಕ್ಕೆ ಅವುಗಳಲ್ಲಿನ ಬೆಳೆ ನೋಡುವ ಹೊತ್ತಾಯಿತು. ಆ ಆಹಾರದ ಮೇಲೆ ಕೊಲೆಗಡುಕ ಬೆಳೆದರೆ ಸಾಸಿವೆಯಷ್ಟು ಕಪ್ಪು ಗುಡ್ಡೆಗಳಾಗುತ್ತವೆ. ಆರರಲ್ಲಿ ಒಂದೂ ಕಪ್ಪಿಲ್ಲ. ಅತ್ತೆಯ ತಟ್ಟೆಯನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದು ಮೂರು ಸಲ ನೋಡಿದಳು. ನಿರಾಸೆಯಾಯಿತು ಎಂದರೆ ತಪ್ಪಲ್ಲ.

"ಅಕ್ಕಾ, ಆ ಮನೆಗೆ ದಿನಾ ಹೋಗಿ ಬರೋರ್ ಇನ್ನೊಬ್ರಿದಾರಲ್ಲ" ಎಂದಳು ಕಿರಿಯವಳು ಅಳುಕುತ್ತ.

"ಯಾರು?"

"ನೀವೇ."

ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. ಮೂರು ವಾರದ ಹಿಂದೆ ಗಂಟಲು ಕೆರೆದಿತ್ತು, ಉಪ್ಪುನೀರು ಮುಕ್ಕಳಿಸಿ ಮರೆತಿದ್ದಳು. ಬಾಯಿ ಹೇಗೂ ತೆರೆದಿತ್ತು. ಕಿರಿಯವಳು ಕಡ್ಡಿ ಹಾಕಿಯೇಬಿಟ್ಟಳು. ಸಂಜೆ ಮನೆಯಲ್ಲಿ ಅನುಮಾನದಕ್ಕ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಳು, ಕೂಸನ್ನು ಗಂಡನ ಕೈಗೆ ಕೊಟ್ಟಳು. ಯಾಕೆ ಎಂದು ಅವನು ಕೇಳಿದ್ದಕ್ಕೆ ಧೂಳು ಎಂದಳು.

ಎರಡು ದಿನಕ್ಕೆ ಏಳನೇ ತಟ್ಟೆ ಸಾಸಿವೆ ಚೆಲ್ಲಿದ ಹಾಗಿತ್ತು. ಬಣ್ಣ ಹಾಕಿದರೆ ಹಸಿರು ಗದೆ, ಕಡುನೀಲಿ ಚುಕ್ಕೆ, ತಂಗಿಯ ಗಂಟಲಿನವರ ಪಡಿಯಚ್ಚು. ಇಪ್ಪತ್ತಾರು ವರ್ಷ ಊರವರ ಗಂಟಲಿಗೆಲ್ಲ ಬೆಳಕು ಬಿಟ್ಟವಳಿಗೆ ದೀಪದ ಬುಡದ ಕತ್ತಲೆ ಕಂಡಿರಲಿಲ್ಲ. ತಂಗಿಗೆ ಕೊಟ್ಟವಳು ತಾನೇ, ಮತ್ತೆ ಆ ತಂಗಿಯ ಕೂಸನ್ನು ಎದೆಗವಚಿಕೊಂಡವಳೂ ತಾನೇ.

ಅತ್ತೆಗೆ ಫೋನು ಮಾಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಕಡೆ ಕೆಮ್ಮು ಕೇಳಿಸಿತು.

"ಈಗ್ಲೇ ಬಂದು ಮಗೂನ ಕರ್ಕೊಂಡ್ ಹೋಗ್ತೀನಿ" ಎಂದಳು ಅತ್ತೆ. ಆಮೇಲೆ, "ನನ್ನ ಗಂಟಲು ಇನ್ನೊಂದ್ಸಲ ನೋಡ್ಬೇಕೇನಮ್ಮಾ?" ಎಂದು ಕೇಳಿದಳು. ಕುಹಕವಿರಲಿಲ್ಲ, ನಿಜವಾಗಿಯೇ ಕೇಳಿದ್ದಳು.

ಕೂಸಿನ ಗಂಟಲಿನಿಂದ ಮತ್ತೊಂದು ಕಡ್ಡಿ ತೆಗೆದರು. ಅನುಮಾನದಕ್ಕ ಮಾತ್ರೆ ನುಂಗುತ್ತ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಕೂತಳು. ಅವಳಿಗೆ ಈಗ ಲ್ಯಾಬಿನ ಬಾಗಿಲು ಮುಚ್ಚಿತ್ತು. ಆ ತಟ್ಟೆಯನ್ನು ಓದಬೇಕಾದವಳು ಕಿರಿಯವಳೇ, ಆ ಎರಡು ಕಣ್ಣುಗಳನ್ನು ನಂಬದೆ ಬೇರೆ ದಾರಿಯಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಫೋನು ಬಂತು.

"ಅಕ್ಕಾ, ಕಪ್ಪು ಒಂದೂ ಇಲ್ಲ. ಮಗು ಗಂಟಲು ಶುದ್ಧವಾಗಿದೆ."

ಹಳೆಯ ಪ್ರಶ್ನೆ ನಾಲಗೆಯ ತುದಿಗೆ ಬಂದು ಕೂತಿತು. ಆ ಹುಡುಗಿಗೂ ಅದು ಗೊತ್ತಿತ್ತು, ಉತ್ತರ ಸಿದ್ಧ ಮಾಡಿಕೊಂಡು ಅದಕ್ಕೇ ಕಾದಿದ್ದಳು.

"ಚಹಾ ಕುಡಿದ್ಯಾ?" ಎಂದಳು ಅನುಮಾನದಕ್ಕ. "ಇಲ್ಲಾಂದ್ರೆ ಹೋಗಿ ಕುಡಿ." ಫೋನಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.