ಎರಡು ಗೇಟುಗಳ ನಡುವೆ

ಕೊಡಂಬಲದ ಅಂಬಾದಾಸ ಇಪ್ಪತ್ತೆರಡು ವರ್ಷ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಲಾರಿ ಓಡಿಸಿದವನು. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಸರಕೆಲ್ಲ ಮರುಭೂಮಿಯ ರಸ್ತೆಗೆ ಇಳಿಯಿತು. ಕೊಲ್ಲಿ ದೇಶಗಳಲ್ಲಿ ಡ್ರೈವರುಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಅವನೂ ಹೋದ.

“ಎರಡ ವರ್ಷ ಅಷ್ಟೇ. ಆಮ್ರಪಾಲಿ ನರ್ಸಿಂಗ್ ಮುಗಸ್ತಾಳ, ನಾನೂ ಬಂದ್‌ಬಿಡ್ತೀನಿ,” ಎಂದಿದ್ದ ಹೆಂಡತಿ ದ್ರೌಪತಿಗೆ. ಆಮ್ರಪಾಲಿ ಅವರ ಮಗಳು.

ಮೊದಲ ವರ್ಷ ಚೆನ್ನಾಗಿಯೇ ನಡೆಯಿತು. ಬಂದರಿನಿಂದ ಕಂಟೇನರ್ ಹೊತ್ತು, ಪಕ್ಕದ ದೇಶ ದಾಟಿ ಮೂರನೆಯದಕ್ಕೆ ಮುಟ್ಟಿಸುತ್ತಿದ್ದ. ಅವನ ದಖನಿ ಉರ್ದು ಕೇಳಿ ಪೇಶಾವರದ ಡ್ರೈವರುಗಳು ನಗುತ್ತಿದ್ದರು, ಚಹಾ ಕುಡಿಸುತ್ತಿದ್ದರು. ಆಮೇಲೆ ನಡುವಿನ ದೇಶವೂ ತನ್ನದೊಂದು ಬಂದರು ತೆರೆದು, ಸರಕು ತನ್ನಲ್ಲೇ ಇಳಿಯಬೇಕೆಂದು ಹಟ ಹಿಡಿಯಿತು. ಒಂದು ಬೆಳಿಗ್ಗೆ, ನೆರೆದೇಶದ ಲಾರಿಗಳನ್ನು ಒಳಗೆ ಬಿಡಬಾರದೆಂದು ಆದೇಶ ಬಂತು.

ಅಷ್ಟರಲ್ಲಿ ಅಂಬಾದಾಸನ ಪಾಸ್‌ಪೋರ್ಟಿಗೆ ಹಿಂದಿನ ದೇಶ ಬಿಟ್ಟ ಮುದ್ರೆ ಬಿದ್ದಾಗಿತ್ತು. ಎರಡು ದೇಶಗಳ ಗೇಟುಗಳ ನಡುವೆ ಅವನ ಲಾರಿ ಸಿಕ್ಕಿಬಿತ್ತು. ವಾಪಸ್ಸಾಗಲು ಕಂಪನಿ ಹೊಸ ವೀಸಾ ತರಿಸಬೇಕು. ಕಂಪನಿಯವರು ಫೋನೇ ಎತ್ತಲಿಲ್ಲ.

ಐದನೆಯ ದಿನ ಮಗಳ ಫೋನು. ದ್ರೌಪತಿಗೆ ಡೆಂಗಿಯಾಗಿ ಬೀದರಿನ ಆಸ್ಪತ್ರೆಗೆ ಸೇರಿಸಿದ್ದರು.

“ಅಪ್ಪಾ, ಅವ್ವ ನಿನ್ನೇ ಕೇಳಾಕತ್ತಾಳ. ಯಾವಾಗ ಬರ್ತಿ?”

“ಇವ್ರು ಒಳಗ ಬಿಡವಲ್ರು, ಅವ್ರು ಹಿಂದ ತಗೊಳವಲ್ರು. ಹ್ಯಾಂಗ ಬರ್ಲಿ ಮಗಳ?”

ಆಮ್ರಪಾಲಿ ಫೋನನ್ನು ತಾಯಿಯ ಕಿವಿಗೆ ಹಿಡಿದಳು. “ಊಟ ಮಾಡೀರೇನ್ರಿ?” ಎಂದಷ್ಟೇ ಕೇಳಿದಳು ದ್ರೌಪತಿ.

ಅಂಬಾದಾಸ ಹಿಂದಿನ ದೇಶದ ಗೇಟಿಗೆ ಓಡಿ, ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಹೆಂಡತಿಯ ಫೋಟೊ ತೋರಿಸಿದ. ಎಳೆ ವಯಸ್ಸಿನ ಅಧಿಕಾರಿ ಬಹಳ ಹೊತ್ತು ನೋಡಿದ. ಒಂದು ಬಾಟಲಿ ನೀರು ಕೊಟ್ಟು, ಆಗದೆಂದು ತಲೆಯಾಡಿಸಿಬಿಟ್ಟ.

ಎಂಟನೆಯ ದಿನ ದ್ರೌಪತಿ ಹೋದಳು. ಅಂತ್ಯಕ್ರಿಯೆಯ ಬುದ್ಧವಂದನೆಯನ್ನು ಅಂಬಾದಾಸ ಲಾರಿಯಲ್ಲಿ ಕೂತು ಫೋನಿನಲ್ಲೇ ನೋಡಿದ. ಮಗಳು ಚಿತೆಗೆ ಬೆಂಕಿ ಇಡುವ ಹೊತ್ತಿಗೆ ನೆಟ್‌ವರ್ಕ್ ಹೋಯಿತು.

ಹನ್ನೊಂದನೆಯ ದಿನ ಎರಡೂ ಸರ್ಕಾರಗಳು ರಾಜಿಯಾದವು. ಇನ್ನು ಮುಂದೆ ಗಡಿಯಾಚೆ ಆ ದೇಶದ ಡ್ರೈವರುಗಳೇ ಲಾರಿ ಓಡಿಸಬೇಕು. ಕಂಪನಿ ಅಂಬಾದಾಸನನ್ನು ಕೆಲಸದಿಂದ ತೆಗೆದು ಊರಿಗೆ ಕಳಿಸಿತು.

ಹುಮನಾಬಾದಿನಲ್ಲಿ ಕೆಲಸ ಕೇಳಲು ಹೋದರೆ ಲಾರಿ ಮಾಲೀಕರು ಈಗ ಅವನ ವಯಸ್ಸು ಕೇಳಿ ವಾಪಸ್ ಕಳಿಸುತ್ತಾರೆ. ಆಮ್ರಪಾಲಿ ಓದು ಬಿಟ್ಟು ಬಸವಕಲ್ಯಾಣದ ಬಟ್ಟೆ ಅಂಗಡಿ ಸೇರಿದ್ದಾಳೆ. ಮೊನ್ನೆ, ವಿದೇಶಕ್ಕೆ ಕೆಲಸದವರನ್ನು ಕಳಿಸುವ ಗಜಾಲಾ ಮನೆಗೆ ಬಂದಿದ್ದಳು.

“ಬ್ಯಾರೆ ದೇಶದ ಮ್ಯಾಲಿಂದ ಹೊಸ ರಸ್ತಾ ಚಾಲೂ ಆಗ್ಯಾದ್ರಿ ಕಾಕಾ. ಗೋಡೌನಿನ್ಯಾಗ ಹುಡುಗ್ಯಾರು ಬೇಕಾಗ್ಯಾರ.”

ಬೇಡವೆನ್ನಲು ಅಂಬಾದಾಸ ಬಾಯಿ ತೆರೆದ. ಆಮ್ರಪಾಲಿ ಆಗಲೇ ಅರ್ಜಿ ತುಂಬಲು ಕೂತಿದ್ದಳು.