ಮೂಲೆಗದ್ದೆಗೆ ನೀರು ಬುಟ್ರಾ?

ನಮ್ಮ ಕಡೆ ನೀರಿನ ಸಮಾಚಾರ ಕೇಳುವುದಕ್ಕೆ ಎರಡು ಮಾತುಗಳಿವೆ. ನಾನು ಹುಟ್ಟಿದ ನಾಗಮಂಗಲದ ಸೀಮೆಯಲ್ಲಿ ‘ಸಿಕ್ತಾ?’ ಅನ್ನುತ್ತಾರೆ. ಅಲ್ಲಿ ನೀರೆಂದರೆ ಬೋರ್‌ವೆಲ್ಲು. ಲಾರಿ ಬಂದು ಕೊರೆಯುತ್ತದೆ, ಊರಿಗೆ ಊರೇ ಧೂಳು ಕುಡಿಯುತ್ತಾ ನಿಂತಿರುತ್ತದೆ, ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಮದುವೆಯಾಗಿ ಬಂದ ಪಾಂಡವಪುರದ ಕಡೆ ನಾಲೆ ಇದೆ. ಇಲ್ಲಿಯವರು ‘ಬುಟ್ರಾ?’ ಅನ್ನುತ್ತಾರೆ. ನೀರು ಕಟ್ಟೆಯಲ್ಲಿ ಇದ್ದೇ ಇದೆ, ಬಿಡುವವರು ಬಿಡಬೇಕು ಅಷ್ಟೆ ಅನ್ನುವ ನಂಬಿಕೆ ಆ ಮಾತಿನೊಳಗೆ ಕೂತಿದೆ. ಮದುವೆಯಾದ ಹೊಸದರಲ್ಲಿ, ಗದ್ದೆಯಿಂದ ಬಂದ ಮೈದುನನನ್ನು ‘ನೀರು ಸಿಕ್ತಾ?’ ಎಂದು ಕೇಳಿಬಿಟ್ಟಿದ್ದೆ. ‘ಯಾಕ್ ಅತ್ಗೆ, ನೀರೇನು ಕಳ್ದೋಗಿತ್ತಾ ಸಿಕ್ಕಕ್ಕೆ?’ ಅಂದ. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಅವತ್ತು ಅವನಿಗೆ ಮುದ್ದೆ ಬಡಿಸಲಿಲ್ಲ.

ನಾನು ಭೂವಿಜ್ಞಾನದ ಮೇಷ್ಟ್ರು. ಶ್ರೀರಂಗಪಟ್ಟಣದಲ್ಲಿ ಕಾಲೇಜು ಮಕ್ಕಳಿಗೆ ಕಲ್ಲುಮಣ್ಣಿನ ಪಾಠ ಹೇಳಿ ಸಂಜೆ ಬಸ್ಸಿಗೆ ಮನೆಗೆ ಬರುತ್ತೇನೆ. ಬಂದಮೇಲೆ ಇನ್ನೊಂದು ಕೆಲಸವಿದೆ. ಎಂಎಸ್‌ಸಿಯಲ್ಲಿ ನನಗೆ ಪಾಠ ಹೇಳಿದ ಪ್ರೊಫೆಸರು ಕಟ್ಟಿಕೊಂಡಿರುವ ಒಂದು ಸಣ್ಣ ಗುಂಪಿಗೆ ಸೇರಿದವಳು ನಾನು. ಮಂಗಳ ಗ್ರಹವನ್ನು ಸುತ್ತುತ್ತಿರುವ ನೌಕೆಗಳು ತೆಗೆದ ಚಿತ್ರಗಳನ್ನು ಯಾರು ಬೇಕಾದರೂ ನೋಡಬಹುದು. ನಾವು ಅಲ್ಲಿಯ ಕೆಲವು ಇಳಿಜಾರುಗಳನ್ನು ಹಂಚಿಕೊಂಡು, ಒಂದೇ ಜಾಗದ ಬೇಸಿಗೆಯ ಚಿತ್ರವನ್ನೂ ಚಳಿಗಾಲದ ಚಿತ್ರವನ್ನೂ ಪಕ್ಕಪಕ್ಕ ಇಟ್ಟು, ಏನು ಬದಲಾಗಿದೆ ಎಂದು ಹುಡುಕುತ್ತೇವೆ. ಇದಕ್ಕೆ ಸಂಬಳವಿಲ್ಲ, ಯಾರೂ ಕರೆದು ಶಾಲು ಹೊದಿಸುವುದಿಲ್ಲ. ಕಣ್ಣು ಮಾತ್ರ ಉರಿಯುತ್ತದೆ.

ಮಂಗಳದಲ್ಲಿ ಒಂದು ಕಾಲಕ್ಕೆ ನೀರು ಹರಿದಿತ್ತು ಅನ್ನುವುದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಒಣಗಿದ ಹೊಳೆಪಾತ್ರಗಳಿವೆ, ನೀರಲ್ಲಿ ನೆನೆಯದೆ ಹುಟ್ಟುವುದಕ್ಕೆ ಸಾಧ್ಯವಿಲ್ಲದ ಜೇಡಿಮಣ್ಣಿದೆ. ಧ್ರುವಗಳಲ್ಲಿ ಈಗಲೂ ಹಿಮಗಡ್ಡೆ ಇದೆ. ಜಗಳ ಇರುವುದು ಇವತ್ತಿನ ವಿಷಯಕ್ಕೆ: ಈಗ ಅಲ್ಲಿ ಎಲ್ಲಾದರೂ ಒಂದು ತೊಟ್ಟು ಹರಿಯುತ್ತಿದೆಯೇ? ಕೆಲವು ಕಡಿದಾದ ಇಳಿಜಾರುಗಳಲ್ಲಿ ಬೇಸಿಗೆ ಬಂತೆಂದರೆ ಕಪ್ಪು ಗೆರೆಗಳು ಮೂಡುತ್ತವೆ, ಬರಬರುತ್ತಾ ಕೆಳಕ್ಕೆ ಉದ್ದವಾಗುತ್ತವೆ, ಚಳಿ ಬಂದಾಗ ಮಾಸಿಹೋಗುತ್ತವೆ. ಉಪ್ಪುನೀರು ಒಸರುತ್ತಿರಬೇಕು ಎಂದು ಮೊದಮೊದಲು ಬಹಳ ಜನ ಹಿಗ್ಗಿದರು. ಪೇಪರಿನಲ್ಲೂ ಬಂತು.

ಪೇಪರಿನಲ್ಲಿ ಬಂದ ದಿನ ನಾಗಮಂಗಲದಿಂದ ನನ್ನ ತಮ್ಮ ಫೋನು ಮಾಡಿ, ‘ಎಷ್ಟಡಿಗೆ ಸಿಕ್ತಂತೆ ಅಕ್ಕಾ?’ ಅಂದ. ಇತ್ತ ನಮ್ಮನೆಯವರು ಪೇಪರು ಮಡಚಿ ತೊಡೆಯ ಮೇಲಿಟ್ಟುಕೊಂಡು ತುಂಬಾ ಹೊತ್ತು ಯೋಚನೆ ಮಾಡಿ, ‘ಅದ್ಸರಿ ಕಣಮ್ಮಿ, ಯಾರು ಬುಟ್ರು?’ ಅಂದರು. ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಬೇಜಾರಾಯಿತು. ನಾನು ಕೂತು ಬಿಡಿಸಿ ಹೇಳಿದೆ. ಅವತ್ತಿನಿಂದ ಅವರು ನನ್ನ ಕೆಲಸಕ್ಕೆ ಪಾಲುದಾರರಾದರು.

ನಮ್ಮನೆಯವರು ಭತ್ತ ಕಬ್ಬು ಬೆಳೆಯುವ ಮನುಷ್ಯ. ಡೈರಿಗೆ ಹಾಲು ಹಾಕಿ ಬಂದು, ಟೀ ಲೋಟ ಹಿಡಿದುಕೊಂಡು ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಕೂತ ತಕ್ಷಣ ಒಂದೇ ಪ್ರಶ್ನೆ: ‘ಬುಟ್ರಾ?’ ನಾನು ಇಲ್ಲ ಅನ್ನುತ್ತಿದ್ದೆ. ‘ಬುಡ್ತಾರೆ ಬುಡು’ ಅಂದು ಟೀ ಕುಡಿಯುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಆ ಸಂಜೆಯ ಅರ್ಧ ಗಂಟೆ ನಮ್ಮ ಮನೆಯಲ್ಲಿ ಗಲಾಟೆ ಇರುತ್ತಿದ್ದ ಹೊತ್ತು.

ಒಂದು ಶನಿವಾರ, ಮಳೆ ನಿಂತ ಮಾರನೆಯ ದಿನ, ಇಬ್ಬರೂ ಕರಿಘಟ್ಟಕ್ಕೆ ಹೋಗಿದ್ದೆವು. ಮೆಟ್ಟಿಲು ಹತ್ತುವಾಗ ಪಕ್ಕದ ಬಂಡೆಯ ಮೇಲೆ ಕಪ್ಪು ಗೆರೆಯೊಂದು ಇಳಿದಿತ್ತು. ನಾನು, ‘ರೀ, ನಿಲ್ಲಿ, ಥೇಟ್ ಇದೇ’ ಅಂದೆ. ಅವರು ಹೋಗಿ ಅಂಗೈ ಒತ್ತಿ, ಒದ್ದೆ ಕೈಯನ್ನು ನನ್ನ ಕೆನ್ನೆಗೆ ಸವರಿದರು. ಜನ ನೋಡುತ್ತಿದ್ದರು, ನಾಚಿಕೆಯಾಯಿತು.

‘ನೋಡು, ಇದು ನೀರು. ಮುಟ್ಟುದ್ರೆ ಗೊತ್ತಾಯ್ತದೆ. ನಿಂದು ಮುಟ್ಟಕ್ಕಾಯ್ತದಾ?’

‘ಅದೇ ಅಲ್ವಾ ನನ್ನ ಕಷ್ಟ’ ಅಂದೆ.

‘ಸರಿ, ಮುಟ್ದೆ ಇದ್ರೂ ಗೊತ್ತಾಗೋ ಅಂಗೆ ಏನಾರ ಒಂದು ಗುರ್ತು ಇರ್ಬೇಕಲ್ಲ?’ ಅಂದು ಬೆಟ್ಟ ಇಳಿಯುವವರೆಗೂ ಅದನ್ನೇ ಯೋಚಿಸುತ್ತಾ ಬಂದರು.

ಗುರುತನ್ನು ಕಂಡುಹಿಡಿದವರು ಮಾತ್ರ ಬೇರೆ ದೇಶದ ವಿಜ್ಞಾನಿಗಳು. ಆ ಗೆರೆಗಳನ್ನು ಅಳೆದು ನೋಡಿ, ಅವು ಕಡಿದಾದ ಕಡೆ ಮಾತ್ರ ಇಳಿಯುತ್ತವೆ, ಇಳಿಜಾರು ಕಮ್ಮಿಯಾದ ಕೂಡಲೇ ನಿಂತುಬಿಡುತ್ತವೆ ಅಂದರು. ನೀರಾಗಿದ್ದರೆ ಹಾಗೆ ನಿಲ್ಲಬೇಕಾಗಿಲ್ಲ, ಸಮತಟ್ಟಿನ ಮೇಲೂ ಒಂದಷ್ಟು ದೂರ ಹರಿಯಬಹುದು. ಹಾಗೆ ನಿಲ್ಲುವುದು ಒಣಮರಳು. ನಾನು ಇದನ್ನು ಹೇಳಿದಾಗ ನಮ್ಮನೆಯವರ ಮುಖ ಸಪ್ಪಗಾಯಿತು. ಆಮೇಲೆ ಕುರ್ಚಿ ಎಳೆದುಕೊಂಡು, ನನ್ನ ಪಾಲಿಗೆ ಬಂದಿದ್ದ ಇಳಿಜಾರುಗಳನ್ನೆಲ್ಲ ಒಂದೊಂದಾಗಿ ತೋರಿಸಿಕೊಂಡರು. ಒಂದು ಕುಳಿಯ ಮೂಲೆಯ ಚಿತ್ರದ ಹತ್ತಿರ ಬಂದಾಗ ಬೆರಳನ್ನು ಪರದೆಗೇ ಒತ್ತಿ, ‘ಇಲ್ಲಿ ನೋಡು, ಇಲ್ಲಿ ನೋಡು! ಇದು ಬದು ದಾಟೈತೆ ಕಣಮ್ಮಿ!’ ಎಂದು ಕೂಗಿದರು.

ನಿಜ. ಒಂದೇ ಒಂದು ಗೆರೆ, ಇಳಿಜಾರು ಮುಗಿದು ಸಮತಟ್ಟು ಶುರುವಾದ ಮೇಲೂ ಸ್ವಲ್ಪ ಮುಂದಕ್ಕೆ ಹೋದ ಹಾಗೆ ಕಾಣುತ್ತಿತ್ತು. ಚಿತ್ರ ಮಸುಕಾಗಿತ್ತು, ಆ ಜಾಗದ ಏರಿಳಿತದ ಒಳ್ಳೆಯ ಅಳತೆಯೂ ನಮ್ಮ ಹತ್ತಿರ ಇರಲಿಲ್ಲ. ಆದರೂ ಆ ಚಿತ್ರವನ್ನು ಬೇರೆಯಾಗಿ ಎತ್ತಿಟ್ಟುಕೊಂಡೆ. ಅವರು ಆ ಜಾಗಕ್ಕೆ ಮೂಲೆಗದ್ದೆ ಎಂದು ಹೆಸರಿಟ್ಟರು. ನಮ್ಮದೂ ಒಂದು ಮೂಲೆಗದ್ದೆ ಇದೆ, ನಾಲೆಯ ತೀರಾ ಕೊನೆಯಲ್ಲಿ. ಮೇಲಿನವರ ಗದ್ದೆಗಳೆಲ್ಲ ಕುಡಿದು ಮಿಕ್ಕಿದ್ದು ಅದಕ್ಕೆ. ಪ್ರತಿ ಸಲ ಅಲ್ಲಿಗೆ ನೀರು ಮುಟ್ಟುವವರೆಗೂ ಅವರಿಗೆ ಊಟ ಸೇರುತ್ತಿರಲಿಲ್ಲ. ಅವತ್ತಿನಿಂದ ಪ್ರಶ್ನೆ ಉದ್ದವಾಯಿತು: ‘ಮೂಲೆಗದ್ದೆಗೆ ಬುಟ್ರಾ?’ ಒಂದಲ್ಲ ಒಂದು ಸಂಜೆ ‘ಹೂಂ ಕಣ್ರೀ, ಬುಟ್ರು’ ಎಂದು ಹೇಳಬೇಕು, ಅವರ ಮುಖ ನೋಡಬೇಕು. ಇಷ್ಟು ಓದಿದ್ದಕ್ಕೆ ನನಗಿದ್ದ ಆಸೆ ಅದೊಂದೇ ಆಗಿಹೋಯಿತು.

ಹೋದ ವರ್ಷದ ಹಿಂದಿನ ವರ್ಷ, ಕಬ್ಬು ಕಡಿಯುವ ಹೊತ್ತಿನಲ್ಲಿ, ಎದೆನೋವು ಅಂದರು. ಮೈದುನ ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಮೈಸೂರು ಮುಟ್ಟಲಿಲ್ಲ.

ತಿಥಿಯ ದಿನ, ಕಿಕ್ಕೇರಿಯಿಂದ ಬಂದಿದ್ದ ನಮ್ಮನೆಯವರ ದೊಡ್ಡಮ್ಮ ಒಬ್ಬರು ಹಿತ್ತಿಲ ಕಡೆ ಕೂತು ಯಾರಿಗೋ ಹೇಳುತ್ತಿದ್ದರು: ‘ಹೊತ್ತುಮೂರೊತ್ತೂ ಆ ಕುಜನ್ನೇ ಕೆಣಕ್ತಾ ಕುಂತಿದ್ಲು. ಬುಟ್ಟಾನಾ ಅವ್ನು?’ ಮಂಗಳನೆಂದರೆ ಕುಜ, ಕುಜನೆಂದರೆ ಗಂಡನಿಗೆ ಗಂಡಾಂತರ ಅನ್ನುವ ಲೆಕ್ಕ ಅವರದು. ನನಗೆ ಮೈಯೆಲ್ಲ ಉರಿದುಹೋಯಿತು. ಸೀದಾ ಹೋಗಿ, ‘ಅಷ್ಟು ದೂರದಲ್ಲಿರೋನಿಗೆ ನಮ್ಮನೆ ಅಡ್ರೆಸ್ಸು ಕೊಟ್ಟೋರು ಯಾರು ದೊಡ್ಡವ್ವಾ, ನೀವೇನಾ?’ ಅಂದುಬಿಟ್ಟೆ. ಆಯಮ್ಮ ಸೆರಗು ಬಾಯಿಗಿಟ್ಟುಕೊಂಡರು. ಬಾಯಿ ಮುಚ್ಚಿಸಿದ್ದೇನೋ ಹೌದು. ಆದರೆ ಆಮೇಲೆ ಎಷ್ಟೋ ದಿನ ನನಗೇ ಕಂಪ್ಯೂಟರಿನ ಮುಂದೆ ಕೂರುವುದಕ್ಕೆ ಕಾಲು ಬರಲಿಲ್ಲ. ಭೂವಿಜ್ಞಾನ ಓದಿದವಳು, ಸುಡುಗಾಡು, ನನಗೂ ಹೆದರಿಕೆಯಾಗಿತ್ತು.

ಮತ್ತೆ ಕೂತಾಗ ಕೇಳುವವರು ಯಾರೂ ಇರಲಿಲ್ಲ. ಸಾವಿನಲ್ಲಿ ಏನೇನು ಹೋಗುತ್ತದೆ ಎಂದು ಜನ ಹೇಳುತ್ತಾರಲ್ಲ, ಅದರಲ್ಲಿ ಇದನ್ನು ಯಾರೂ ಹೇಳಿರಲಿಲ್ಲ: ಸಂಜೆಯ ಒಂದು ಪ್ರಶ್ನೆ ಹೋಗುತ್ತದೆ. ಸ್ಟಾಫ್‌ರೂಮಿನಲ್ಲಿ ‘ಮೇಡಂ, ಮಂಗಳದಲ್ಲಿ ನಮಗೊಂದು ಸೈಟು ಮಾಡಿಸಿಕೊಡಿ’ ಎಂದು ನಗುವವರಿದ್ದರು. ಅವರಿಗೆ ಉತ್ತರ ಬೇಕಾಗಿರಲಿಲ್ಲ. ಮೈದುನ ಗೋಡೆಯಾಚೆಯ ಮನೆಯಲ್ಲೇ ಇದ್ದ, ಹಾಲು ತಂದಿಡುತ್ತಿದ್ದ, ಅಣ್ಣನ ಸುದ್ದಿ ಬರುವ ಮಾತನ್ನೆಲ್ಲ ಸುತ್ತಿಬಳಸಿ ತಪ್ಪಿಸುತ್ತಿದ್ದ. ಒಂದು ಸಂಜೆ ಪಕ್ಕದ ಖಾಲಿ ಕುರ್ಚಿ ನೋಡಿ ತಡೆಯಲಾಗದೆ, ಯಾರೂ ಕೇಳದಿದ್ದರೂ, ‘ಇನ್ನೂ ಬುಟ್ಟಿಲ್ಲ ಕಣ್ರೀ’ ಅಂದೆ. ಗಟ್ಟಿಯಾಗಿಯೇ ಅಂದೆ. ಮನಸ್ಸು ಹಗುರಾಯಿತು. ಆಮೇಲೆ ಅದೇ ರೂಢಿಯಾಯಿತು. ಹುಚ್ಚು ಅನ್ನುವವರು ಅನ್ನಲಿ.

ಹೋದ ಸುಗ್ಗಿಯಲ್ಲಿ ಪ್ರೊಫೆಸರು ಮೇಲ್ ಮಾಡಿದರು. ಗುಂಪಿನವರ ಇಳಿಜಾರುಗಳೆಲ್ಲ ಮರಳೆಂದೇ ತೀರ್ಮಾನವಾಗಿದೆ, ನಿಮ್ಮ ಕೊನೆಯದೊಂದು ಬಾಕಿ, ಆ ಜಾಗದ ಹೊಸ ಚಿತ್ರವೂ ಏರಿಳಿತದ ಒಳ್ಳೆಯ ಅಳತೆಯೂ ಈಗ ಸಿಕ್ಕಿವೆ, ನೋಡಿ ಹೇಳಿ. ನಾನು ಅದನ್ನು ತೆರೆಯಲಿಲ್ಲ. ತೆರೆದರೆ ಮುಗಿದುಹೋಗುತ್ತದೆ ಎಂದು ಗೊತ್ತಿತ್ತು. ಕಾಲೇಜಿಗೆ ರಜೆ ಹಾಕಿ ನಾಗಮಂಗಲಕ್ಕೆ, ತಮ್ಮನ ಮನೆಗೆ ಓಡಿಹೋದೆ.

ಅಲ್ಲಿ ಕಣದಲ್ಲಿ ರಾಗಿ ತೂರುತ್ತಿದ್ದರು. ರಾಶಿ ಮೇಲೇರುತ್ತಿತ್ತು, ತುದಿಯಲ್ಲಿ ಕಾಳು ಹೆಚ್ಚಾದಾಗ ಸರ್ರನೆ ಒಂದು ಗೆರೆಯಾಗಿ ಜಾರಿ, ರಾಶಿಯ ಬುಡಕ್ಕೆ ಬಂದು ನಿಂತುಬಿಡುತ್ತಿತ್ತು. ಸಾರಿಸಿದ ಕಣದ ಮೇಲೆ ಮುಂದಕ್ಕೆ ಹೋಗುತ್ತಿರಲಿಲ್ಲ. ನಾನು ಬೆರಳಿನಿಂದ ಮತ್ತೆ ಮತ್ತೆ ಕೆದಕಿ ಜಾರಿಸಿದೆ. ಹೋಗು, ಇನ್ನೊಂದು ಗೇಣು ಮುಂದಕ್ಕೆ ಹೋಗು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ‘ಇನ್ನೂ ರಾಶಿಪೂಜೆ ಆಗಿಲ್ಲ, ಕೈ ಆಕ್ಬ್ಯಾಡಿ ಅಕ್ಕಾ!’ ಎಂದು ತಮ್ಮನ ಹೆಂಡತಿ ಗದರಿದಳು. ಎದ್ದು ನಿಂತವಳಿಗೆ ಅಳು ಬಂತು. ಧೂಳು ಬಿತ್ತೇನೋ ಎಂದು ಅವಳು ಕಣ್ಣಿಗೆ ಊದಲು ಬಂದಳು. ನಾನು ಊದಿಸಿಕೊಂಡೆ.

ಊರಿಗೆ ಬಂದು, ಒಂದು ಭಾನುವಾರ ಬೆಳಗ್ಗೆ, ಸ್ನಾನ ಮಾಡಿ ಚಿತ್ರ ತೆರೆದೆ. ಹೊಸದು ಬಹಳ ಸ್ಪಷ್ಟವಾಗಿತ್ತು. ಮೂಲೆಗದ್ದೆಯ ಗೆರೆ ಇಳಿಜಾರು ಮುಗಿದ ಕಡೆಯೇ ಮುಗಿದಿತ್ತು. ಬದು ದಾಟಿದಂತೆ ನಮಗೆ ಕಂಡಿದ್ದು ಪಕ್ಕದಲ್ಲಿದ್ದ ಬಂಡೆಯ ನೆರಳು. ಅದು ಗೆರೆಯ ತುದಿಗೆ ಸರಿಯಾಗಿ ಕೂಡಿಕೊಂಡಿತ್ತು. ಹಳೆಯ ಚಿತ್ರದಲ್ಲಿ ಎರಡನ್ನೂ ಬೇರೆ ಮಾಡುವುದಕ್ಕೆ ಯಾರಿಂದಲೂ ಆಗುತ್ತಿರಲಿಲ್ಲ. ಮತ್ತೊಮ್ಮೆ ಅಳೆದೆ. ಇನ್ನೊಮ್ಮೆ ಅಳೆದೆ. ‘ಒಣಮರಳಿನ ಜಾರಿಕೆ. ಹರಿಯುವ ನೀರಿನ ಗುರುತು ಸಿಗಲಿಲ್ಲ’ ಎಂದು ಬರೆದು ಪ್ರೊಫೆಸರಿಗೆ ಕಳಿಸಿದೆ. ತಿಂಡಿ ತಿನ್ನುವುದರೊಳಗೆ ಉತ್ತರ ಬಂತು, ಥ್ಯಾಂಕ್ಸ್ ಎಂದು.

ಮನೆಯಲ್ಲಿ ಕೂರಲಾಗಲಿಲ್ಲ. ನಡೆದುಕೊಂಡು ಗದ್ದೆಯ ಕಡೆ ಹೋದೆ. ಮೈದುನ ನಮ್ಮ ಮೂಲೆಗದ್ದೆಯ ಬದುವಿನ ಮೇಲೆ ಗುದ್ದಲಿ ಇಟ್ಟುಕೊಂಡು ಕೂತಿದ್ದ. ನಾಲೆಗೆ ನೀರು ಬಿಟ್ಟು ಎರಡು ದಿನವಾಗಿದ್ದರೂ ಇಲ್ಲಿಯ ಕಾಲುವೆ ಒಣಗಿಯೇ ಇತ್ತು.

‘ಬಂದಿಲ್ವೇನಪ್ಪ?’ ಅಂದೆ.

‘ಮ್ಯಾಲಿನೋರ್ದು ಮುಗೀಬೇಕಲ್ಲ ಅತ್ಗೆ. ಬತ್ತದೆ.’ ನನ್ನ ಮುಖ ನೋಡಿ, ‘ಯಾಕೆ, ಏನಾಯ್ತು?’ ಅಂದ.

ಅವನಿಗೆ ಹೇಳುವ ಯೋಚನೆ ಇರಲಿಲ್ಲ. ಹೇಳಿದೆ. ಅಣ್ಣ ತೋರಿಸಿದ್ದ ಜಾಗ, ಬದು ದಾಟಿದ ಗೆರೆ, ಬಂಡೆಯ ನೆರಳು, ಎಲ್ಲ. ‘ಅದು ನೀರಲ್ಲ ಕಣಪ್ಪ. ಬರೀ ಮರಳು. ಅಳೆದು ಬರೆದು ಕಳಿಸಿಬಿಟ್ಟೆ’ ಅಂದೆ.

ಅವನು ಏನಾದರೂ ತಮಾಷೆ ಮಾಡುತ್ತಾನೆ ಅಂದುಕೊಂಡಿದ್ದೆ. ಮಾಡಲಿಲ್ಲ. ಗುದ್ದಲಿಯ ಬಾಯಿಗೆ ಹತ್ತಿದ್ದ ಮಣ್ಣನ್ನು ಹೆಬ್ಬೆರಳಿನಿಂದ ಕೆರೆಯುತ್ತಾ, ತಲೆ ಎತ್ತದೆ, ‘ಅಣ್ಣಂಗೆ ಯೋಳ್ಬ್ಯಾಡಿ ಅತ್ಗೆ’ ಅಂದ.

ನಾನು ಅವನ ಪಕ್ಕ ಬದುವಿನ ಮೇಲೆ ಕೂತೆ.

‘ದಿನಾ ಸಂಜೆ ನೀವು ಯೋಳೋದು ನಮ್ ಜಗ್ಲಿಗೆ ಕೇಳ್ತದೆ. ನಾನೂ ಅದ್ಕೇ ಬಂದು ಕುಂತ್ಕತೀನಿ’ ಅಂದ. ‘ಮರ್ಳು ಅಂತ ಮಾತ್ರ ಯೋಳ್ಬುಡ್ಬ್ಯಾಡಿ.’

ಹೊತ್ತು ಏರುತ್ತಿತ್ತು. ನೀರು ಬರಲಿಲ್ಲ, ಅವನು ಏಳಲಿಲ್ಲ, ನಾನು ಅಡುಗೆಗೆ ಹೊತ್ತಾಯಿತೆಂದು ಎದ್ದು ಬಂದೆ.

ಸಂಜೆ ಟೀ ಕಾಸಿಕೊಂಡು ನನ್ನ ಕುರ್ಚಿಯಲ್ಲಿ ಕೂತೆ. ಬೆಳಗ್ಗೆ ಪ್ರೊಫೆಸರಿಗೆ ನಾನು ಬರೆದಿದ್ದು ‘ಸಿಗಲಿಲ್ಲ’ ಎಂದು. ಅದು ನನ್ನ ತವರಿನ ಮಾತು, ಅಲ್ಲಿ ಸಿಗಲಿಲ್ಲ ಅಂದರೆ ಲಾರಿ ಹೊರಟುಹೋಯಿತು ಎಂದು ಅರ್ಥ. ಬರೆದದ್ದು ಸರಿಯಾಗಿಯೇ ಇದೆ, ಅದರಲ್ಲಿ ಒಂದಕ್ಷರ ತಿದ್ದುವುದಿಲ್ಲ. ಆದರೆ ನಮ್ಮನೆಯವರು ಸಿಕ್ತಾ ಎಂದು ಯಾವತ್ತೂ ಕೇಳಿದವರಲ್ಲ. ಗೋಡೆಯಾಚೆ ಜಗುಲಿಯ ಮೇಲೆ ಚಾಪೆ ಹಾಸಿದ ಸದ್ದಾಯಿತು. ಅಲ್ಲಿಗೂ ಕೇಳಲಿ ಎಂದು ಗಂಟಲು ಸರಿಮಾಡಿಕೊಂಡು, ‘ಇನ್ನೂ ಬುಟ್ಟಿಲ್ಲ ಕಣ್ರೀ’ ಅಂದೆ.