ಬಸುರಿಯ ಗಂಡನ ಗಡ್ಡ

ಕೊರೊನಾ ಮುಗಿದು ಎಲ್ಲರ ಮುಖದಿಂದ ಮಾಸ್ಕ್ ಇಳಿದಿದ್ದ ಮರುವರ್ಷದ ಬೇಸಿಗೆ ಅದು. ನನಗೆ ಮಾತ್ರ ಮಾಸ್ಕ್ ತಪ್ಪಿರಲಿಲ್ಲ. ಕುರೆಕುಪ್ಪದ ಕಡೆ ಒಂದು ಸಣ್ಣ ಕಬ್ಬಿಣದ ಕಾರ್ಖಾನೆಯಲ್ಲಿ ಗ್ಯಾಸ್ ಪೈಪುಗಳ ವಾಲ್ವ್ ರಿಪೇರಿ ಮಾಡುವ ಫಿಟರ್ ನಾನು. ಅಲ್ಲಿಯ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿದ್ದು ಗೊತ್ತಾಗುವ ಹೊತ್ತಿಗೆ ಮನುಷ್ಯ ಬಿದ್ದಿರುತ್ತಾನೆ. ಅದಕ್ಕೇ ಮಾಸ್ಕ್, ಮತ್ತು ಮಾಸ್ಕ್ ಅಂಟಿಕೊಂಡು ಕೂರಬೇಕಾದರೆ ನುಣ್ಣಗಿನ ಗಲ್ಲ. ಗಡ್ಡ ಇದ್ದವರಿಗೆ ಗ್ಯಾಸ್ ಲೈನಿನ ಕೆಲಸ ಕೊಡುವುದಿಲ್ಲ.

ಆಗ ನನ್ನ ಹೆಂಡತಿ ಶಾಂತಾ ಬಸುರಿ, ಏಳು ತಿಂಗಳು ತುಂಬಿತ್ತು. ನಮ್ಮ ಕಡೆ ಕೆಲವು ಮನೆಗಳಲ್ಲಿ ಹೆಂಡತಿ ಬಸುರಿಯಾದರೆ ಹೆರಿಗೆ ಆಗುವವರೆಗೆ ಗಂಡ ಕ್ಷೌರ ಮಾಡಿಸುವುದಿಲ್ಲ. ಮಾಡಿಸಿದರೆ ಮಗುವಿಗೆ ಕೇಡು ಎನ್ನುತ್ತಾರೆ. ನಾನು ಇಂಥದ್ದಕ್ಕೆ ತಲೆ ಕೆಡಿಸಿಕೊಳ್ಳುವವನಲ್ಲ. ಶಾಂತಾ ಮೊದಲ ಸಲ ಬಸುರಿಯಾದಾಗ ಗಡ್ಡ ಬೋಳಿಸಿಕೊಂಡೇ ಓಡಾಡಿದ್ದೆ. ಆ ಮಗು ಉಳಿಯಲಿಲ್ಲ. ಡಾಕ್ಟರು ಬಿ.ಪಿ. ಅಂದರು. ನಮ್ಮ ಅವ್ವ ನನ್ನ ಗಲ್ಲ ನೋಡಿದಳು.

ಎರಡನೇ ಸಲ ಅವ್ವ ಕಂಪ್ಲಿಯಿಂದ ಹೊಸಪೇಟೆಯ ನಮ್ಮ ಬಾಡಿಗೆ ಮನೆಗೇ ಬಂದು ಉಳಿದಳು. ಬಂದ ದಿನವೇ, "ಈ ಸಲ ಗಲ್ಲಕ್ಕ ಕತ್ತಿ ಮುಟ್ಟಿಸ್ಬ್ಯಾಡಪ, ನಿನ್ನ ಕಾಲಿಗೆ ಬೀಳ್ತೀನಿ" ಅಂದಳು. ಹೆತ್ತವಳು ಹಾಗಂದ ಮೇಲೆ ವಾದ ಮಾಡುವುದು ಹೇಗೆ? ಗಡ್ಡ ಬಿಟ್ಟೆ. ಕಾರ್ಖಾನೆಯಲ್ಲಿ ಹೇಳಿಕೊಂಡು ವರ್ಕ್‌ಶಾಪಿನೊಳಗಿನ ಕೆಲಸ ಹಾಕಿಸಿಕೊಂಡೆ. ಬೇಸಿಗೆಯ ಸೆಕೆಯಲ್ಲಿ ಕುತ್ತಿಗೆಯೆಲ್ಲ ತುರಿಸುತ್ತಿತ್ತು, ಸಹಿಸಿಕೊಂಡೆ.

ಅಷ್ಟರಲ್ಲಿ ಶಟ್‌ಡೌನ್ ಬಂತು. ಕಾರ್ಖಾನೆ ನಿಲ್ಲಿಸಿ ಎಲ್ಲ ವಾಲ್ವ್ ಬಿಚ್ಚಿ ನೋಡುವ ಸಮಯ. ಫಿಟರುಗಳೆಲ್ಲ ಗ್ಯಾಸ್ ಲೈನಿಗೇ ಬರಬೇಕು, ಅದಕ್ಕೆ ಮೊದಲು ಮಾಸ್ಕಿನ ಪರೀಕ್ಷೆ. ನಾನು ಒಂದು ಉಪಾಯ ಮಾಡಿದೆ. ಅವ್ವ ಹೇಳಿದ್ದು ಕತ್ತಿ ಮುಟ್ಟಿಸಬೇಡ ಅಂತ, ಟ್ರಿಮ್ಮರ್ ಕತ್ತಿಯಲ್ಲ! ಟ್ರಿಮ್ಮರಿನಲ್ಲಿ ಆದಷ್ಟು ಸಣ್ಣಗೆ ಮಾಡಿಕೊಂಡು ಹೋದೆ. ಪರೀಕ್ಷೆಯಲ್ಲಿ ಮಾಸ್ಕ್ ಹಾಕಿದ ಮುಖದ ಮೇಲೆ ಪ್ಲಾಸ್ಟಿಕ್ ಮುಸುಕು ಹೊದಿಸಿ ಒಳಗೆ ಒಂದು ಕಹಿ ನೀರು ಸಿಂಪಡಿಸುತ್ತಾರೆ. ನಾಲಿಗೆಗೆ ಕಹಿ ತಗುಲಿದರೆ ಮಾಸ್ಕ್ ಸೋರುತ್ತಿದೆ ಎಂದರ್ಥ. ನನಗೆ ಹಾಗಲಕಾಯಿ ಕಚ್ಚಿದ ಹಾಗಾಯಿತು.

"ನಾಳೆ ನೈಸ್ ಮಾಡಿಸ್ಕೊಂಡು ಬಾ. ಇಲ್ಲಾಂದ್ರ ನಿನ್ನ ಜಾಗಕ್ಕ ಬೇರೆಯವ್ರನ್ನ ತಗೋತೀನಿ. ಬೇಜಾರಾಗಬ್ಯಾಡ" ಅಂದರು ಸೂಪರ್‌ವೈಸರ್. ಪಕ್ಕದಲ್ಲಿದ್ದ ಗೆಳೆಯ ಕಿವಿಯಲ್ಲಿ, "ವ್ಯಾಸಲೀನ್ ಹಚ್ಚಿ ಬಿಗಿಯಾಗಿ ಕಟ್ಕೋಲೇ, ಪಾಸಾಗ್ತಿ" ಅಂದ.

ಸಂಜೆ ಅವ್ವ ಗುಡಿಗೆ ಹೋಗಿದ್ದಾಗ ಇದನ್ನು ನಗೆಯ ಮಾತಾಗಿ ಶಾಂತಾಳಿಗೆ ಹೇಳಿದೆ. ಅವಳು ನಗಲಿಲ್ಲ.

"ವ್ಯಾಸಲೀನ್ ಬೆವರಿಗೆ ಕರಗಿದ್ರ?"

"ಸೋರ್ತೈತಿ."

"ಸೋರಿದ್ರ?"

ನಾನು ಟಿ.ವಿ. ಹಾಕಿದೆ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಹೇಳದೆ ಸ್ಟೇಷನ್ ರೋಡಿನ ಈರಣ್ಣನ ಅಂಗಡಿಗೆ ಹೋದೆ. ನನ್ನ ಗಡ್ಡ ಗದ್ದದ ಕೆಳಗೆ ಸುಳಿ ಸುತ್ತಿ ಬೆಳೆಯುತ್ತದೆ, ಮನೆಯ ರೇಜರಿಗೆ ಜಗ್ಗುವುದಿಲ್ಲ. ಅಲ್ಲಿಗೆ ಈರಣ್ಣನ ಕತ್ತಿಯೇ ಬೇಕು. ಅವನು ಬ್ರಷ್ಷಿನಲ್ಲಿ ಮುಖದ ತುಂಬ ನೊರೆ ಹಚ್ಚಿ, ಬ್ಲೇಡನ್ನು ಅರ್ಧಕ್ಕೆ ಮುರಿದು ಕತ್ತಿಗೆ ಸಿಕ್ಕಿಸಿದ. ಕಿವಿಯ ಹತ್ತಿರ ತಂದವನು ಹಾಗೇ ನಿಲ್ಲಿಸಿದ.

"ಅಲ್ರೀ, ಇಷ್ಟು ದಿನ ಯಾಕ ಗಡ್ಡ ಬಿಟ್ಟಿದ್ರಿ? ಮನ್ಯಾಗ ಬಸುರೇನು?"

ಹೂಂ ಅಂದೆ. ಅವನು ಕತ್ತಿ ಮಡಚಿದ.

"ಆಗಂಗಿಲ್ರಿ. ಬಸುರಿ ಗಂಡಗ ನಾ ಕತ್ತಿ ಹಚ್ಚಂಗಿಲ್ಲ. ನಾಳೆ ಏನಾರ ಹೆಚ್ಚುಕಮ್ಮಿ ಆದ್ರ ಈ ಕೈ ನೋಡ್ಕೊಂಡು ನಾ ಹೆಂಗ ಊಟ ಮಾಡ್ಲಿ?"

ಗ್ಯಾಸು, ಮಾಸ್ಕು, ಕಹಿ ನೀರು ಎಲ್ಲ ವಿವರಿಸಿದೆ. ತಾಳ್ಮೆಯಿಂದ ಕೇಳಿಸಿಕೊಂಡ. ಆಮೇಲೆ, "ಹಂಗಾರ ಆಕೀನೇ ಬಂದು ಹೇಳ್ಲಿ. ಹೊಟ್ಟಿ ಆಕೀದು" ಅಂದ.

ಬೇರೆ ಅಂಗಡಿಗೆ ಹೋಗಬಹುದಿತ್ತು. ಆದರೆ ಮುಖದ ತುಂಬ ನೊರೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಕತ್ತಿ ಕಿವಿಯ ಹತ್ತಿರ ಬಂದಾಗ ನನಗೂ ಹೆದರಿಕೆಯಾಗಿತ್ತು. ಮೊದಲನೆಯ ಮಗು ನೆನಪಾಗಿತ್ತು. ಫೋನ್ ಮಾಡಿದೆ.

ಶಾಂತಾ ಆಟೋದಲ್ಲಿ ಬಂದಳು. ಗಂಡಸರ ಕ್ಷೌರದಂಗಡಿಗೆ ಬಸುರಿ ಬಂದದ್ದನ್ನು ಆ ರಸ್ತೆ ಅದುವರೆಗೆ ನೋಡಿರಲಿಕ್ಕಿಲ್ಲ. ಬೆಂಚಿನ ಮೇಲಿದ್ದವರು ಎದ್ದು ನಿಂತರು. ಕುಂದ್ರಿ ಅಂದರೂ ಅವಳು ಕೂರಲಿಲ್ಲ. ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. ನೊರೆ ಒಣಗಿ ಸುಣ್ಣ ಬಳಿದ ಗೋಡೆಯಂತಾಗಿತ್ತು.

"ಮಾಡ್ರಿ ಅಣ್ಣಾ" ಅಂದಳು.

"ಯೋಚ್ನೆ ಮಾಡಿ ಹೇಳಾಕತ್ತೀಯೇನವ್ವಾ?"

"ಮಾಡೇ ಬಂದೀನಿ. ಒಂದು ಕೂದ್ಲೂ ಉಳೀಬಾರ್ದು."

ಈರಣ್ಣ ಮತ್ತೆ ನೊರೆ ಹಚ್ಚಿ ಶುರು ಮಾಡಿದ. ಕೂದಲು ಬೆಳೆದ ದಿಕ್ಕಿಗೆ ಒಮ್ಮೆ ಎಳೆದು, ಹೆಬ್ಬೆರಳಿನಿಂದ ಚರ್ಮ ಬಿಗಿಹಿಡಿದು ಎದುರು ದಿಕ್ಕಿಗೆ ಇನ್ನೊಮ್ಮೆ ಎಳೆದ. ಮುಗಿದ ಮೇಲೆ ಶಾಂತಾ ಮುಂದೆ ಬಂದು, ಅಷ್ಟು ಜನರ ಎದುರಿಗೇ ನನ್ನ ಗದ್ದದ ಕೆಳಗೆ ಬೆರಳಾಡಿಸಿದಳು. "ಇಲ್ಲಿ ಇನ್ನೂ ಐತಿ ನೋಡ್ರಿ" ಅಂದಳು. ಈರಣ್ಣ ಅಲ್ಲೊಮ್ಮೆ ಮತ್ತೆ ಎಳೆದ. ನನ್ನ ಹೆಂಡತಿ ಎಂಥ ಗಟ್ಟಿಗಿತ್ತಿ, ಈ ಮೂಢನಂಬಿಕೆ ಅವಳ ಹತ್ತಿರವೂ ಸುಳಿಯುವುದಿಲ್ಲ ಎಂದು ನನಗೆ ಬಹಳ ಹೆಮ್ಮೆಯಾಯಿತು.

ಪರೀಕ್ಷೆಯಲ್ಲಿ ಕಹಿ ತಗುಲಲಿಲ್ಲ. ಸಂಜೆ ಮನೆಗೆ ಹೋದಾಗ ಅವ್ವ ನನ್ನ ಮುಖ ನೋಡಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಅವತ್ತಿನಿಂದ ಅನ್ನ ಬಡಿಸುವಾಗಲೂ ತಟ್ಟೆ ನೋಡಿ ಬಡಿಸುತ್ತಿದ್ದಳು. "ಅತ್ತೀ, ನಾನೇ ಮಾಡ್ಸಿದ್ದು" ಎಂದು ಶಾಂತಾ ಹೇಳಿದರೂ ತಲೆ ಎತ್ತಲಿಲ್ಲ.

ಶಟ್‌ಡೌನಿನಲ್ಲಿ ನನ್ನ ಮಾಸ್ಕ್ ಜೀವ ಉಳಿಸಿತು ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತಿತ್ತು. ಅಂಥದ್ದೇನೂ ನಡೆಯಲಿಲ್ಲ. ವಾಲ್ವ್ ಬಿಚ್ಚಿದೆವು, ಜೋಡಿಸಿದೆವು. ಆದರೆ ಗೇಟಿನ ಹೊರಗೆ ಬಂದು ಫೋನ್ ಆನ್ ಮಾಡುವಾಗಲೆಲ್ಲ ಮನೆಯಿಂದ ಕರೆ ಬಂದಿತ್ತೇ ಎಂದು ಮೊದಲು ನೋಡುತ್ತಿದ್ದೆ. ನಂಬದವನಿಗೆ ಯಾಕೆ ಈ ಹೆದರಿಕೆ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ.

ದಿನ ತುಂಬಿ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯ ಬಾಗಿಲ ಹೊರಗೆ ಅದರ ಅಳು ಕೇಳಿ ನಾನೂ ಅತ್ತೆ. ಅವ್ವ ಎರಡು ಕೈಯಲ್ಲಿ ನನ್ನ ಗಲ್ಲ ಹಿಡಿದು ಮುಖ ನೋಡಿದಳು.

ವಾರ್ಡಿನಲ್ಲಿ ಶಾಂತಾಳ ಪಕ್ಕ ಕೂತು, "ನೀನು ಇಂಥವೆಲ್ಲ ನಂಬಂಗಿಲ್ಲ, ಅದಕ್ಕ ಅಷ್ಟು ಧೈರ್ಯ ನಿನಗ" ಎಂದೆ.

"ನಂಬಂಗಿಲ್ಲ ಅಂತ ಯಾರು ಹೇಳಿದ್ರು ನಿಮಗ?" ಅಂದಳು. "ಅತ್ತಿಗಿಂತ ಜಾಸ್ತಿ ನಂಬ್ತೀನಿ. ಕತ್ತಿ ಎಳೆಯೋವಾಗ ಹೊಟ್ಯಾಗ ಮಿಸುಕಾಡ್ತೋ ಇಲ್ಲೋ ಅಂತ ಕೈ ಇಟ್ಕೊಂಡೇ ನಿಂತಿದ್ದೆ. ಇಬ್ಬರಾಗ ಒಬ್ರು ಅಂತ ಬಂದಾಗ ನಾ ನಿಮ್ಮನ್ನ ಆರಿಸ್ಕೊಂಡೆ." ಮಗುವಿನ ಕಡೆ ನೋಡಿ, ದನಿ ತಗ್ಗಿಸಿ, "ಇದನ್ನ ಆಕಿಗೆ ಯಾವತ್ತೂ ಹೇಳ್ಬ್ಯಾಡ್ರಿ" ಅಂದಳು.

ನನಗಾಗಿ ಒಬ್ಬರು ಅಷ್ಟು ದೊಡ್ಡದನ್ನು ಪಣಕ್ಕಿಟ್ಟಿದ್ದರು ಎನ್ನುವುದು ಇವತ್ತಿಗೂ ನನ್ನನ್ನು ತಲೆ ತಗ್ಗಿಸುವಂತೆ ಮಾಡುತ್ತದೆ. ಯಾರಿಗಾದರೂ ಹೇಳಿಕೊಳ್ಳಬೇಕು ಎನಿಸುತ್ತಿತ್ತು. ಮಗಳಿಗೆ ಇನ್ನೂ ಓದಲು ಬರುವುದಿಲ್ಲ. ಅದಕ್ಕೇ ಈಗಲೇ ಬರೆದುಬಿಟ್ಟೆ.